ಅಪ್ಪನ ಬಕೆಟ್ ಸ್ನಾನ ಮತ್ತು ಒಂದು ಟ್ಯೂಬ್ ಸಿಲಿಕೋನ್

ಅಮೆರಿಕದ ಮನೆಗಳ ಬಾತ್‌ರೂಮಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗೋಕೆ ತೂತೇ ಇರಲ್ಲ. ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡವರಿಗೆಲ್ಲ ಇದು ಗೊತ್ತು. ನಮ್ಮ ಕಡೆ ಬಚ್ಚಲುಮನೆಯಲ್ಲಿ ನೀರು ಎಲ್ಲಿ ಚೆಲ್ಲಿದರೂ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಇಲ್ಲಿ ನೀರೇನಿದ್ದರೂ ಟಬ್ಬಿನ ಒಳಗೇ ಇರಬೇಕು. ಟಬ್ಬಿಗೂ ಗೋಡೆಯ ಟೈಲ್ಸ್‌ಗೂ ನಡುವಿನ ಸಂದಿಯಲ್ಲಿ ಬಿಳಿ ರಬ್ಬರಿನಂಥ ಪಟ್ಟಿ ಇರುತ್ತಲ್ಲ, ಅದಕ್ಕೆ ಕಾಲ್ಕ್ ಅಂತಾರೆ. ಮರದ ಚೌಕಟ್ಟಿನ, ಜಿಪ್ಸಮ್ ಹಲಗೆಯ ಮನೆಯೊಳಕ್ಕೆ ನೀರು ಇಳಿಯದ ಹಾಗೆ ಕಾಯುವುದು ಬೆರಳಗಲವೂ ಇಲ್ಲದ ಆ ಪಟ್ಟಿ.

ಕಳೆದ ಬೇಸಿಗೆಯಲ್ಲಿ ಅಪ್ಪ-ಅಮ್ಮ ಹಾಸನದಿಂದ ನ್ಯೂಜೆರ್ಸಿಯ ನಮ್ಮ ಮನೆಗೆ 6 ತಿಂಗಳಿಗೆಂದು ಬಂದರು. ಅಪ್ಪನಿಗೆ ಶವರ್ ಆಗಿಬರಲ್ಲ. "ಮಳೇಲಿ ನೆನೆದಂಗಿರುತ್ತೆ, ಸ್ನಾನ ಮಾಡ್ದಂಗಿರಲ್ಲ" ಅಂತ ಟಬ್ಬಿನೊಳಗೆ ಬಕೆಟ್ ಇಟ್ಟುಕೊಂಡು ಚೊಂಬಿನಲ್ಲಿ ಧಾರಾಳವಾಗಿ ಹುಯ್ದುಕೊಳ್ಳುತ್ತಿದ್ದರು. ಮೂರನೇ ವಾರ ಕೆಳಗಿನ ಅಡುಗೆಮನೆಯ ಸೀಲಿಂಗ್‌ನಲ್ಲಿ ಟೀ ಬಣ್ಣದ ಕಲೆ ಕಾಣಿಸಿತು.

ಯಾರೂ ಏನೂ ಅನ್ನಲಿಲ್ಲ. ಆದರೆ ಮರುದಿನದಿಂದ ಅಪ್ಪ ಅರ್ಧ ಬಕೆಟ್ಟಿಗೆ ಇಳಿದರು. ಆಮೇಲೆ ದಿನ ಬಿಟ್ಟು ದಿನ. ಡ್ಯೂಟಿಯಲ್ಲಿದ್ದಾಗಲೂ ಒಂದು ದಿನ ಬೆಳಗಿನ ಸ್ನಾನ ತಪ್ಪಿಸದ ಮನುಷ್ಯ, ಒದ್ದೆ ಟವೆಲ್ಲಿನಲ್ಲಿ ಮೈ ಒರೆಸಿಕೊಂಡು ಬಂದು ಕಾಫಿಗೆ ಕೂರುತ್ತಿದ್ದರು. ಒಂದು ರಾತ್ರಿ ಅಮ್ಮ ಮೆಲ್ಲಗೆ ಹೇಳಿದರು: "ಟಿಕೆಟ್ ಮುಂಚೆ ಮಾಡ್ಸೋಕಾಗುತ್ತಾ ಕೇಳು ಅಂತಿದಾರೆ ನಿಮ್ಮಪ್ಪ. ಮಗಳ ಮನೆ ಹಾಳ್ಮಾಡ್ತಿದೀನಿ ಅಂತ ತಲೇಲಿ ಕೂತುಬಿಟ್ಟಿದೆ ಅವರಿಗೆ."

"ನಿಮ್ಮಿಂದ ಆಗಿದ್ದಲ್ಲ" ಅಂದರೆ ಅಪ್ಪ ನಂಬುವವರಲ್ಲ. ಲೈನ್‌ಮನ್ ಆಗಿದ್ದವರು, ಕಣ್ಣಾರೆ ಕಾಣಬೇಕು. ಹಾಗಾಗಿ ಶನಿವಾರ ಟಾರ್ಚ್ ಹಿಡಿಯೋಕೆ ಅವರನ್ನೇ ಕರೆದೆ. ಬ್ಲೇಡ್ ಹಾಕಿದ ತಕ್ಷಣ ಒಂದಡಿ ಉದ್ದದ ಪಟ್ಟಿ ತಾನಾಗಿಯೇ ಕಳಚಿ ಬಂತು. ಅದರಡಿ ಕಪ್ಪು ಬೂಷ್ಟು, ಅದರಡಿ ಇನ್ನೊಂದು ಹಳೇ ಪದರ. ನಮಗೆ ಮನೆ ಮಾರಿದವರ ಕಾಲದಲ್ಲೇ ಯಾರೋ ಹಳೆಯದನ್ನು ಕೀಳದೆ ಮೇಲೇ ಬಳಿದಿದ್ದರು. ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಅಂಟಲ್ಲ.

ಅಪ್ಪ ಟಾರ್ಚನ್ನು ಹತ್ತಿರ ತಂದು ನೋಡಿದರು. "ಇದು ಮೂರು ವಾರದ್ದಲ್ಲ ಕಣಮ್ಮಾ. ವರ್ಷಗಟ್ಲೆಯಿಂದ ಕುಡೀತಾ ಇದೆ ನೀರು." ಅಷ್ಟೇ ಹೇಳಿದ್ದು. ಆಮೇಲೆ ತಾವೇ ತೋಳು ಮಡಚಿದರು.

ಇಬ್ಬರೂ ಸೇರಿ ಹಳೆಯದನ್ನೆಲ್ಲ ಕೆರೆದು ತೆಗೆದೆವು. ಹಿಂದಿನ ಹಲಗೆ ಇನ್ನೂ ಗಟ್ಟಿಯಾಗಿತ್ತು, ಪುಣ್ಯ. ಮೆತ್ತಗಾಗಿದ್ದರೆ ಟೈಲ್ಸೇ ಕೀಳಬೇಕಿತ್ತು. ಸ್ಪಿರಿಟ್‌ನಲ್ಲಿ ಒರೆಸಿ, ಒಂದು ದಿನ ಒಣಗೋಕೆ ಬಿಟ್ಟೆವು. ಭಾನುವಾರ ಟಬ್ಬಿಗೆ ನೀರು ತುಂಬಿಸುತ್ತಿದ್ದರೆ ಅಪ್ಪನಿಗೆ ಆಶ್ಚರ್ಯ.

"ಈಗ್ಯಾಕಮ್ಮಾ ನೀರು?"

"ನೀರಿನ ಭಾರಕ್ಕೆ ಟಬ್ ಒಂಚೂರು ಕೆಳಗಿಳಿಯುತ್ತೆ ಅಪ್ಪಾ, ಸಂದಿ ಅಗಲ ಆಗುತ್ತೆ. ಅಗಲ ಇದ್ದಾಗಲೇ ತುಂಬಿದ್ರೆ ಆಮೇಲೆ ಜಗ್ಗಿ ಕಿತ್ತು ಬರಲ್ಲ."

"ಓ, ನಾವು ತಂತಿ ಎಳೆಯುವಾಗ ಜೋಲು ಬಿಡ್ತಿದ್ವಲ್ಲ, ಹಂಗೆ. ಬಿಗಿಯಾಗಿ ಎಳೆದ್ರೆ ಚಳಿಗೆ ಕುಗ್ಗಿ ತುಂಡಾಗುತ್ತೆ."

ಅದಕ್ಕೇ ಈ ಸಂದಿಗೆ ಸಿಮೆಂಟಿನಂಥ ಗ್ರೌಟ್ ಸಲ್ಲದು. ಟಬ್ ಅಲುಗಿದರೆ ಬಿರುಕು ಬಿಡುತ್ತದೆ. ಬಾತ್‌ರೂಮಿಗೆಂದೇ ಇರುವ, ಪೂರ್ತಿ ಸಿಲಿಕೋನಿನ ಟ್ಯೂಬ್ ತರಬೇಕು. ಸಂದಿಯ ಎರಡೂ ಬದಿಗೆ ಟೇಪ್ ಅಂಟಿಸಿಕೊಂಡು ನಾನು ಗನ್ ಒತ್ತುತ್ತಾ ಹೋದೆ. ಅಪ್ಪ ಗ್ಲೌಸ್ ಹಾಕಿದ ಬೆರಳನ್ನು ಸೋಪಿನ ನೀರಿನಲ್ಲಿ ಅದ್ದಿ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆತಕ್ಕೆ ನುಣುಪು ಮಾಡಿದರು. ಒಣಗುವ ಮುಂಚೆಯೇ ಟೇಪ್ ಕಿತ್ತೆವು. ಮನೆ ತುಂಬಾ ವಿನೆಗರ್ ವಾಸನೆ, ಕಿಟಕಿ ತೆರೆದಿಟ್ಟು 24 ಗಂಟೆ ಬಿಟ್ಟೆವು. ನೀರು ಖಾಲಿ ಮಾಡಿದ್ದು ಆಮೇಲೆ.

ಮಂಗಳವಾರ ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದೆ. ಮೇಲಿನಿಂದ ಚೊಂಬಿನ ಸದ್ದು, ಜೊತೆಗೆ ಅಪ್ಪನ ವೆಂಕಟೇಶ ಸುಪ್ರಭಾತ. ಮ್ಯೂಟ್ ಒತ್ತಿ ಸೀಲಿಂಗ್ ನೋಡಿದೆ. ಕಲೆ ಬೆಳೆದಿರಲಿಲ್ಲ. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ನಿಮ್ಮ ಅಪ್ಪ-ಅಮ್ಮನೂ ಬರುವವರಿದ್ದರೆ, ಮಸಾಲೆಪುಡಿಯ ಪಟ್ಟಿ ಕಳಿಸುವ ಮೊದಲು ಒಮ್ಮೆ ಟಬ್ಬಿನ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಕಪ್ಪಾಗಿದ್ದರೆ, ಬಿಟ್ಟುಕೊಂಡಿದ್ದರೆ ಬದಲಿಸಿ. ಖರ್ಚು ಒಂದು ಪಿಜ್ಜಾದಷ್ಟೂ ಇಲ್ಲ. ಆಮೇಲೆ ಒಳ್ಳೇದೊಂದು ದೊಡ್ಡ ಬಕೆಟ್ ತಂದಿಡಿ.