ಮಗಳು ಡೇರೆ ಹಾಕಿದ ಕಡಲ ದಾರಿಯಲ್ಲಿ

ನಮ್ಮ ಬೋವಿಕಾನದಿಂದ ಕಡಲು ಕಾಣಿಸುವುದಿಲ್ಲ. ಚೆರ್ಕಳ–ಜಾಲ್ಸೂರು ರಸ್ತೆ, ಎರಡೂ ಬದಿ ಕೆಂಪುಕಲ್ಲಿನ ಗುಡ್ಡ, ಗೇರುಮರ, ಅಡಿಕೆ ತೋಟ, ಕೆಳಗೆ ಪಯಸ್ವಿನಿ ಹೊಳೆ – ಇಷ್ಟೇ ನಮ್ಮ ಲೋಕ. ಹಾಗೆಂದು ಕಡಲಿಗೂ ನಮಗೂ ಸಂಬಂಧವಿಲ್ಲ ಎನ್ನುವಂತಿಲ್ಲ. ಪಯಸ್ವಿನಿಯೇ ಮುಂದೆ ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನಲ್ಲಿ ಸಮುದ್ರ ಸೇರುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಭರತದ ಉಪ್ಪುನೀರು ಹಿಂದಕ್ಕೇರಿ ನಮ್ಮ ಪಕ್ಕದ ಬಾವಿಕ್ಕೆರೆಯ ತನಕ ಬರುತ್ತಿತ್ತು. ಅಲ್ಲಿಂದ ನಳ್ಳಿ ನೀರು ಪಡೆಯುವ ಕಾಸರಗೋಡು ಪೇಟೆಯವರ ಬಾಯಿ ಉಪ್ಪಾಗುತ್ತಿತ್ತು. ಇದನ್ನು ತಡೆಯಲೆಂದೇ ಬಾವಿಕ್ಕೆರೆಯಲ್ಲಿ ಹೊಳೆಗೆ ಅಡ್ಡವಾಗಿ ಕಟ್ಟ ಕಟ್ಟಿದರು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಜನವರಿಯಲ್ಲಿ ರಜೆಗೆ ಬಂದವಳು, "ಸ್ಕೂಟರಿನಲ್ಲಿ ಜಿಲ್ಲೆಯ ತೆಂಕು ತುದಿಯಿಂದ ತಲಪಾಡಿಯ ತನಕ ಕಡಲ ಬದಿಯಲ್ಲೇ ಹೋಗುತ್ತೇನೆ, ರಾತ್ರಿ ಡೇರೆ ಹಾಕಿ ಮಲಗುತ್ತೇನೆ" ಎಂದಳು. "ಯಾರ ಜತೆ?" ಎಂದು ಕೇಳಿದೆವು. "ಒಬ್ಬಳೇ" ಎಂದಳು. ಮನೆಯಲ್ಲಿ ಎರಡು ದಿನ ಸರಿಯಾಗಿ ಮಾತಿಲ್ಲ. ಅಜ್ಜಿ ಜಪಸರ ಹಿಡಿದು ಕುಳಿತರು. ಮಗ ಕೇಳಿದ್ದರೆ ನಾವು ಇಷ್ಟು ಯೋಚಿಸುತ್ತಿರಲಿಲ್ಲ ಎಂದು ಅವಳು ಹೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಮೂರು ಷರತ್ತು ಹಾಕಿದೆವು. ಮನೆಯೊಂದರ ದೀಪ ಕಾಣುವಲ್ಲೇ ಡೇರೆ ಹಾಕಬೇಕು. ಆ ಮನೆಯವರ ಒಪ್ಪಿಗೆ ಕೇಳಬೇಕು. ಮಲಗುವ ಮುಂಚೆ ಆ ಮನೆಯ ಹೆಂಗಸರ ಹತ್ತಿರ ನಮಗೆ ಫೋನಿನಲ್ಲಿ ಮಾತಾಡಿಸಬೇಕು. ಮೂರನೆಯದಕ್ಕೆ ಮುಖ ಊದಿಸಿದಳಾದರೂ ಒಪ್ಪಿದಳು.

ಮೂರು ರಾತ್ರಿ ಕಳೆದು ಅವಳೇನೋ ನಗುನಗುತ್ತಾ ಬಂದಳು. ಫೋನಿನಲ್ಲಿ ಮಾತಾಡಿದ ಆ ಮೂವರು ಹೆಂಗಸರನ್ನು ಕಾಣದೆ ನಮಗೆ ಮಾತ್ರ ಸಮಾಧಾನವಾಗಲಿಲ್ಲ. ಫೆಬ್ರವರಿಯ ಒಂದು ಶನಿವಾರ ನಾವಿಬ್ಬರೂ ಕಾರು ಹತ್ತಿ ಅವಳು ಹೋದ ದಾರಿಯನ್ನೇ ಹಿಡಿದೆವು.

ಚೆರ್ಕಳದಲ್ಲಿ ಹೆದ್ದಾರಿ ಸೇರಿ ಕಾಞಂಗಾಡು, ನೀಲೇಶ್ವರ ದಾಟಿ, ಚೆರುವತ್ತೂರಿನ ಬಳಿ ಪಡುವಣಕ್ಕೆ ತಿರುಗಿ ಸೇತುವೆಯ ಮೇಲೆ ವಲಿಯಪರಂಬಕ್ಕೆ ಹೋದೆವು. ಇದೊಂದು ವಿಚಿತ್ರ ಊರು. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಕವ್ವಾಯಿ ಹಿನ್ನೀರು, ನಡುವೆ ಹಗ್ಗದಂತೆ ಉದ್ದಕ್ಕೆ ಚಾಚಿದ ಹೊಯ್ಗೆಯ ನೆಲ. ಮಗಳು ಮಲಗಿದ್ದು ಹಿನ್ನೀರಿನ ಬದಿಯ ಒಂದು ತೆಂಗಿನ ತೋಟದಲ್ಲಿ. ಮನೆಯವರು ನಮ್ಮನ್ನು ಕೂರಿಸಿ ಚಹಾ ಕೊಟ್ಟು, ರಾತ್ರಿ ಎರಡು ಬಾರಿ ಟಾರ್ಚ್ ಹಾಕಿ ನೋಡಿದ್ದೆವೆಂದರು. ಅದು ಅವಳಿಗೆ ಗೊತ್ತೇ ಇಲ್ಲ!

ಅಲ್ಲಿಂದ ಬಡಗು ಮುಖವಾಗಿ ಬರುವಾಗ ನೀಲೇಶ್ವರದ ತೈಕಡಪ್ಪುರ ಸಿಗುತ್ತದೆ. ಚಳಿಗಾಲದಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಊರವರೇ ಅವನ್ನು ಕಾಯುತ್ತಾರೆ. ಬೆಳಕು ಕಂಡರೆ ಆಮೆ ಹಿಂದಿರುಗುವುದರಿಂದ, ಡೇರೆ ಹಾಕುವವರು ಇಂತಹ ಕಡೆ ದೀಪ ಹಚ್ಚಬಾರದು.

ಬೇಕಲ ಕೋಟೆಯ ಬಗ್ಗೆ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ, ಸುಮಾರು 40 ಎಕರೆಯ ಕೋಟೆ. ಸಂಜೆಯಾದೊಡನೆ ಎಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಹಾಕುತ್ತಾರೆ. ಡೇರೆಯ ಆಸೆ ಅಲ್ಲಿ ಬೇಡ.

ಎರಡನೆಯ ರಾತ್ರಿಯ ಠಾವು ಇದಕ್ಕೆ ಐದಾರು ಕಿ.ಮೀ. ದೂರದ ಕಾಪ್ಪಿಲ್ ಕಡಲತೀರ. ನಮ್ಮ ಎದೆ ಹೊಡೆದುಕೊಂಡಿದ್ದು ಇಲ್ಲಿಯ ಕಥೆ ಕೇಳಿ. ಅಂದು ಹುಣ್ಣಿಮೆ. ಮಗಳು ನೀರಿನಿಂದ ಸಾಕಷ್ಟು ದೂರ ಎಂದುಕೊಂಡು ಚೊಕ್ಕ ಹೊಯ್ಗೆಯ ಮೇಲೆ ಡೇರೆ ಬಿಗಿದಿದ್ದಾಳೆ. ಕತ್ತಲಾಗುವ ಹೊತ್ತಿಗೆ ಮೀನುಗಾರರ ಮನೆಯ ಮುದುಕಿಯೊಬ್ಬರು ಬಂದು, "ಮೋಳೇ, ಈಡ ಕಿಡಕ್ಕಂಡಾ" – ಮಗಳೇ, ಇಲ್ಲಿ ಮಲಗಬೇಡ – ಎಂದು ತಾವೇ ಗೂಟ ಕೀಳತೊಡಗಿದರಂತೆ. ತಮ್ಮ ಅಂಗಳದ ತೆಂಗಿನ ಬುಡಕ್ಕೆ ಡೇರೆಯನ್ನು ಸಾಗಿಸಿ, ಊಟಕ್ಕೆ ಗಂಜಿ, ಮೀನು ಕೊಟ್ಟು, ಶೌಚಾಲಯ ತೋರಿಸಿದರು. (ಹೆಂಗಸರ ಪ್ರಯಾಣದಲ್ಲಿ ದೊಡ್ಡ ಕಷ್ಟ ಇದೇ, ಯಾವ ಪ್ರವಾಸ ಪುಸ್ತಕವೂ ಬರೆಯುವುದಿಲ್ಲ.) ಬೆಳಗ್ಗೆ ನೋಡಿದರೆ ಡೇರೆಯಿದ್ದ ಜಾಗ ಒದ್ದೆಯಾಗಿತ್ತು.

ನಾವು ಹೋದಾಗ ಆ ಅಮ್ಮ ಬಲೆಯ ಪಕ್ಕ ಕುಳಿತಿದ್ದರು. ಹಣದ ಮಾತೆತ್ತಲು ಬಿಡಲಿಲ್ಲ. ನಮ್ಮನ್ನು ಹೊಯ್ಗೆಗೆ ಕರೆದೊಯ್ದು ಕಸಕಡ್ಡಿ, ತೆಂಗಿನ ಸಿಪ್ಪೆ, ಚಿಪ್ಪುಗಳ ಒಂದು ಉದ್ದ ಗೆರೆ ತೋರಿಸಿದರು. ಭರತ ಬಂದು ನಿಂತ ಗುರುತದು. ಅದಕ್ಕಿಂತ ಮೇಲೆ ಮಲಗಬೇಕು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭರತ ದೊಡ್ಡದಾದ್ದರಿಂದ ಇನ್ನೂ ಮೇಲೆ. ಆಮೇಲೆ "ಕಳ್ಳಕ್ಕಡಲ್" ಎಂಬ ಪದವನ್ನೂ ಕಲಿಸಿದರು. ಕಳ್ಳನಂತೆ ಬರುವ ಕಡಲು. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ಶುಭ್ರ, ಸಾವಿರಾರು ಕಿ.ಮೀ. ತೆಂಕಿನ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಫಕ್ಕನೆ ದಡಕ್ಕೇರುತ್ತವೆ. ಮಳೆಗಾಲದ ಮುಂಚಿನ ತಿಂಗಳುಗಳಲ್ಲಿ ಇದು ಹೆಚ್ಚು. 2024ರ ಮಾರ್ಚ್ 31ರಂದು, ಸರಿಯಾಗಿ ಪಾಸ್ಖ ಹಬ್ಬದ ಭಾನುವಾರವೇ, ತಿರುವನಂತಪುರ, ಆಲಪ್ಪುಳ ಕಡೆಯ ಮೀನುಗಾರರ ಮನೆಗಳಿಗೆ ನೀರು ನುಗ್ಗಿದ್ದು ಹೀಗೆಯೇ. ಹಬ್ಬದ ಊಟಕ್ಕೆ ಕೂರಬೇಕಾದವರು ಪಾತ್ರೆಪಗಡೆ ಹೊತ್ತು ಓಡಿದರು. ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಕಡಲ ಬದಿಗೆ ಹೋಗುವ ನಮ್ಮ ಯುವಕ ಯುವತಿಯರು ಹೊರಡುವ ಮುಂಚೆ ಅದನ್ನು ನೋಡಿಕೊಳ್ಳಲಿ.

ಮೇಲ್ಪರಂಬದಲ್ಲಿ ಚಂದ್ರಗಿರಿ ಕೋಟೆಯನ್ನು ಬಲಕ್ಕೆ ಬಿಟ್ಟು ಸೇತುವೆ ದಾಟುವಾಗ ಕಾರು ನಿಧಾನಿಸಿದೆವು. ನಮ್ಮೂರ ಹೊಳೆ ಇಲ್ಲಿ ಕಡಲಿಗೆ ಸೇರುವಷ್ಟು ಅಗಲವಾಗಿತ್ತು. ಕಾಸರಗೋಡು ದಾಟಿದಂತೆ ಕಿವಿಗೆ ಬೀಳುವ ಮಾತು ಬದಲಾಗುತ್ತದೆ; ಮಲಯಾಳದ ಜತೆ ತುಳು, ಕನ್ನಡ, ನಮ್ಮ ಕೊಂಕಣಿ. ಕುಂಬಳೆಯಲ್ಲಿ ದಾರಿ ಬಿಟ್ಟು ಒಳಗೆ ಬೇಳಕ್ಕೆ ಹೋಗಿ, 1890ರಲ್ಲಿ ಕಟ್ಟಿದ ವ್ಯಾಕುಲ ಮಾತೆಯ ಇಗರ್ಜಿಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಮಗಳು ಇಲ್ಲಿಗೆ ಬಂದಿರಲಿಲ್ಲ. ಇದು ನಮ್ಮ ಹರಕೆ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆ ಈಗ ಗಿಳಿವಿಂಡು ಎಂಬ ಸ್ಮಾರಕ. ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಕಾವ್ಯವಾಗಿಸಿದ ಕವಿಯ ಅಂಗಳವಿದು ಎಂದು ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತೋ! ಮೂರನೆಯ ಡೇರೆ ಇಲ್ಲಿಗೆ ಸಮೀಪದ ಕಣ್ವತೀರ್ಥದ ಒಂದು ಮನೆಯ ಅಂಗಳದಲ್ಲಿತ್ತು. ಮನೆಯಾಕೆ ತುಳುವಿನಲ್ಲಿ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು: ಪ್ರಾಯದ ಹುಡುಗಿಯನ್ನು ಒಬ್ಬಳೇ ಬಿಡುವುದುಂಟೇ? ಹಾಗೆಂದು ಬೈದವರೇ, ಅವಳು ಇನ್ನೊಮ್ಮೆ ಬಂದರೆ ಡೇರೆ ಬೇಡ, ಒಳಗೆ ಮಲಗಲಿ ಎಂದು ಒಂದು ಕಟ್ಟು ಹಪ್ಪಳವನ್ನೂ ಕೈಗಿಟ್ಟರು.

ಬರುವ ಡಿಸೆಂಬರಿನಲ್ಲಿ ತಲಪಾಡಿಯಿಂದ ಕಾರವಾರದ ತನಕ ಹೋಗುತ್ತಾಳಂತೆ. ಷರತ್ತುಗಳು ಹಳೆಯವೇ, ಭರತದ ಗೆರೆ ನೋಡಬೇಕೆಂಬ ನಾಲ್ಕನೆಯದನ್ನು ಸೇರಿಸಿದ್ದೇವೆ. ಡೇರೆಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದವರು ಅಜ್ಜಿ.