ಕಡಲಿಗೆ ಎಸೆದ ಸರಕು

ಸತ್ಯವೇದದಲ್ಲಿ ಯೋನನ ಪುಸ್ತಕ ಬಹಳ ಚಿಕ್ಕದು, ನಾಲ್ಕೇ ಅಧ್ಯಾಯ. ಬಾಲ್ಯದ ಸಂಡೇ ಸ್ಕೂಲಿನಿಂದ ನಮ್ಮ ನೆನಪಿನಲ್ಲಿ ಉಳಿದದ್ದು ಅವನನ್ನು ನುಂಗಿದ ಮೀನು ಮಾತ್ರ. ನಲವತ್ತು ದಾಟಿದ ಮೇಲೆ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಪೂರ್ವದ ನಿನೆವೆಗೆ ಹೋಗೆಂದು ದೇವರು ಹೇಳಿದರೆ, ಯೋನನು ಯೊಪ್ಪ ಬಂದರಿಗಿಳಿದು, ಪ್ರಯಾಣದ ದರ ತೆತ್ತು, ತಾರ್ಷೀಷಿನ ಹಡಗು ಹತ್ತುತ್ತಾನೆ. ಬಿರುಗಾಳಿ ಎದ್ದಾಗ ನಾವಿಕರು ಹಡಗನ್ನು ಹಗುರಗೊಳಿಸಲು ಸರಕನ್ನು ಕಡಲಿಗೆ ಎಸೆಯುತ್ತಾರೆ. ಮಾತು ಮೀರಿದವನು ಹಡಗಿನ ತಳದಲ್ಲಿ ನಿದ್ರಿಸುತ್ತಿದ್ದಾನೆ. ನಷ್ಟ ಏನೂ ಅರಿಯದವರಿಗೆ.

ನಮ್ಮ ನಿನೆವೆ ಬೆಟಗೇರಿಯಲ್ಲಿತ್ತು. ತಂದೆಯವರು ತೀರಿಕೊಂಡ ವರ್ಷ, ಮನೆಯ ಪಾಲಿನ ವಿಷಯದಲ್ಲಿ ಅಣ್ಣನವರೊಡನೆ ಮಾತು ಮುರಿಯಿತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ಹೇಳುತ್ತದೆ. ನಮಗೆ ತಿಳಿಯದ ಮಾತೇನಲ್ಲ. ಆದರೂ ಗಂಡಹೆಂಡಿರಿಬ್ಬರೂ ಪ್ರತಿ ಭಾನುವಾರ ಕಾಣಿಕೆ ಹಾಕಿ ಮನೆಗೆ ಮರಳಿದೆವು. ವರ್ಗಾವಣೆಗಳು ನೆರವಿಗೆ ಬಂದವು: ಹೈದರಾಬಾದು, ನಾಗಪುರ, ಪುಣೆ. ಕಚೇರಿಯ ದಾಖಲೆಯಲ್ಲಿ ನಮ್ಮ ಸ್ವಂತ ಊರು ಬೆಟಗೇರಿಯೇ. ಆ ಊರಿಗೆ ಸಿಗುವ ಎಲ್‌ಟಿಸಿಯನ್ನು ಕೈಬಿಟ್ಟು, ದೇಶದ ಯಾವ ಮೂಲೆಗಾದರೂ ಹೋಗಬಹುದಾದ ಸೌಲಭ್ಯದಲ್ಲಿ ಒಮ್ಮೆ ಶ್ರೀನಗರ, ಇನ್ನೊಮ್ಮೆ ಪೋರ್ಟ್ ಬ್ಲೇರ್ ನೋಡಿ ಬಂದೆವು. ಯೋನನು ತನ್ನ ದರ ತಾನೇ ತೆತ್ತನು. ನಮ್ಮದನ್ನು ಸರ್ಕಾರ ತೆತ್ತಿತು.

ನಮಗೆ ಯಾವ ಬಿರುಗಾಳಿಯೂ ಬಡಿಯಲಿಲ್ಲ. ರೋಗ ಬರಲಿಲ್ಲ, ಬಡ್ತಿ ನಿಲ್ಲಲಿಲ್ಲ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಓದಿದ್ದ ನಮಗೆ ಅವಿಧೇಯತೆಯೆಂದರೆ ಇಡೀ ನಂದನವನವೇ ಕೈತಪ್ಪುವಂಥ ದೊಡ್ಡ ಘಟನೆ. ಹಾಗೇನೂ ಆಗದಿದ್ದುದನ್ನು ದೇವರ ಸಮ್ಮತಿಯೆಂದೇ ಭಾವಿಸಿಕೊಂಡೆವು.

ಹನ್ನೊಂದು ವರ್ಷಗಳ ನಂತರ, ಅಣ್ಣನವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತೆಂಬ ಸುದ್ದಿ ಬಂತು. ಹೊರಟೆವು. ಅಂಗಳದಲ್ಲಿ ನಿಂತು ಕ್ಷಮೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತಿರುವಾಗಲೇ ಅವರು, "ಬಾ ತಮ್ಮಾ, ಮೊದಲ ಚಾ ಕುಡಿ" ಎಂದರು. ಅತ್ತಿಗೆಯವರು ರೊಟ್ಟಿ ಬಡಿಯಲು ಕುಳಿತರು. ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ.

ಆ ಸಂಜೆ ನಮ್ಮ ಮಗಳೂ ಅಣ್ಣನವರ ಮಗಳೂ ಒಂದೇ ಮಂಚದ ಎರಡು ತುದಿಗಳಲ್ಲಿ ಕುಳಿತಿದ್ದರು. ಇಬ್ಬರೂ ಓರಗೆಯವರು, ಮೂರು ವರ್ಷದವರಿದ್ದಾಗ ಒಂದೇ ತಟ್ಟೆಯಲ್ಲಿ ಉಂಡವರು. ನಮ್ಮವಳು ಹಿಂದಿ ಬೆರೆತ ತನ್ನ ಕನ್ನಡದಲ್ಲಿ, ಅಪರಿಚಿತರನ್ನು ಕೇಳುವಂತೆ, "ನೀವು ಯಾವ ಕ್ಲಾಸು?" ಎಂದಳು. ಅತ್ತಿಗೆಯವರ ಕೈ ರೊಟ್ಟಿಯ ಮೇಲೆ ಒಂದು ಕ್ಷಣ ನಿಂತಿತು.

ಯೋನನನ್ನು ನೀರಿಗೆ ಹಾಕಿದೊಡನೆ ಸಮುದ್ರ ಶಾಂತವಾಯಿತು. ಮೀನು ಅವನನ್ನು ದಡಕ್ಕೆ ಕಾರಿತು. ದೇವರು ಅದೇ ಆಜ್ಞೆಯನ್ನು ಎರಡನೆಯ ಸಲ ಕೊಟ್ಟನು. ಇಷ್ಟೂ ಕೃಪೆ ಆ ನಾಲ್ಕು ಅಧ್ಯಾಯಗಳಲ್ಲಿದೆ. ನಾವಿಕರ ಸರಕು ಮರಳಿ ಬಂತೆಂದು ಮಾತ್ರ ಎಲ್ಲಿಯೂ ಬರೆದಿಲ್ಲ.

ಈ ಡಿಸೆಂಬರಿಗೆ ಸ್ವಂತ ಊರಿನ ಎಲ್‌ಟಿಸಿಗೆ ಅರ್ಜಿ ಕೊಟ್ಟಿದ್ದೇವೆ. ಮಗಳು ಭಾನುವಾರಗಳಂದು ಬೆಟಗೇರಿಗೆ ಫೋನು ಮಾಡುತ್ತಾಳೆ. ಇನ್ನೂ 'ನೀವು' ಎಂದೇ ಮಾತನಾಡಿಸುತ್ತಾಳೆ.