ಒಂದು ಮನೆ, ಎರಡು ಒಲೆ

ಅಣ್ಣತಮ್ಮಂದಿರು ಬೇರೆಯಾದ ಮೇಲೆ ಒಂದೇ ಮನೆಯಲ್ಲಿ ಎರಡು ಒಲೆ ಹೂಡುವದನ್ನು ಈ ನಾಡಿನಲ್ಲಿ ಕಾಣದವರಾರು? ಗಣಕಯಂತ್ರದೊಳಗೂ ಅಂತಹ ಪಾಲು ನಡೆಯಬಲ್ಲದೆಂಬುದು ಲಿಂಗಸುಗೂರಿನ ನಿವೃತ್ತ ಮಾಸ್ತರರೊಬ್ಬರಿಗೆ ಮೊನ್ನೆಮೊನ್ನೆಯವರೆಗೆ ತಿಳಿದಿರಲಿಲ್ಲ.

ಮಾಸ್ತರರ ತಾಯಿಯ ತವರು ಮಸ್ಕಿ. ಬೀಸುವಾಗಲೂ ಕುಟ್ಟುವಾಗಲೂ ಆಕೆ ಹಾಡುತ್ತಿದ್ದ ಹಾಡುಗಳನ್ನು ಮಾಸ್ತರರು ಆಕೆಯ ಬಾಯಿಂದಲೇ ಕೇಳಿ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಲ್ಯಾಪ್‌ಟಾಪಿನೊಳಗೆ ಬರೆದಿಟ್ಟಿದ್ದರು. ಆಕೆ ತೀರಿಕೊಂಡ ಬಳಿಕ ಅವುಗಳಿಗೆ ಬೇರೆ ಆಧಾರವೇ ಉಳಿದಿರಲಿಲ್ಲ. ಹೀಗಿರಲು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿಯಿತು. ವಿಂಡೋಸ್ 11ನ್ನು ಹೊರುವ ಅರ್ಹತೆಯು ಆ ಹಳೆಯ ಯಂತ್ರಕ್ಕಿರಲಿಲ್ಲ.

ಸಿಂಧನೂರಿನ ಕಾಲೇಜಿನಲ್ಲಿ ಓದುವ ಮೊಮ್ಮಗಳು ಒಂದು ರವಿವಾರ ಮಸ್ಕಿಯ ಮೇಲಿಂದ ಬಸ್ಸಿನಲ್ಲಿ ಬಂದಳು. “ಅಜ್ಜಾ, ವಿಂಡೋಸ್ ಇರಲಿ. ಅದರ ಬಾಜೂಕ ಲಿನಕ್ಸ್ ಕೂಡಿಸೋಣು. ಇಂಟರ್ನೆಟ್ಟಿನ ಕೆಲಸ ಅದರಾಗ, ಹಾಡಿನ ಕೆಲಸ ಇದರಾಗ” ಎಂದಳು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ತೊಡಗಿದ ಆ ವ್ಯವಸ್ಥೆಗೆ ಹಣ ಕೊಡಬೇಕಾಗಿಲ್ಲವೆಂದು ಕೇಳಿ ಮಾಸ್ತರರು ಅವಸರಪಟ್ಟರು. ಆದರೆ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸುವವರೆಗೆ ಹುಡುಗಿಯು ಯಂತ್ರವನ್ನು ಮುಟ್ಟಲೊಲ್ಲಳು. ಬದು ಸರಿಸುವ ಮೊದಲು ಬೆಳೆಯನ್ನು ಮನೆಗೆ ತರಬೇಕೆಂಬುದು ಅವಳ ನ್ಯಾಯ.

ಆಮೇಲೆ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ನಿಲ್ಲಿಸಿದಳು. ಅದಿದ್ದರೆ ವಿಂಡೋಸು ಪೂರ್ತಿ ಮಲಗದೆ ಅರೆನಿದ್ರೆಯಲ್ಲಿದ್ದು, ಡಿಸ್ಕಿನ ಮೇಲಿನ ಹಿಡಿತವನ್ನು ಬಿಡುವದಿಲ್ಲ. ವಿಂಡೋಸಿನ ಪಾಲನ್ನು ಕುಗ್ಗಿಸಿ 60 ಜಿಬಿ ಜಾಗವನ್ನು ಬರಿದುಮಾಡಿದಳು. ಇನ್ನೊಂದು ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಅಲ್ಲಿ ಲಿನಕ್ಸ್ ಮಿಂಟನ್ನು ನೆಲೆಗೊಳಿಸಿದಳು. ಅಂದಿನಿಂದ ಯಂತ್ರವನ್ನು ಹಚ್ಚಿದಾಗಲೆಲ್ಲ ‘ಗ್ರಬ್’ ಎಂಬ ದ್ವಾರಪಾಲಕನು ಯಾವ ಮನೆಗೆ ಹೋಗುವಿರೆಂದು ಕೇಳತೊಡಗಿದನು.

ಮಾಸ್ತರರು ಹೊಸ ಮನೆಯನ್ನು ಹೊಕ್ಕು ಮೊದಲು ತೆರೆದದ್ದು ತಾಯಿಯ ಹಾಡನ್ನೇ. ತೆರೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ! ಅರ್ಥವಿಲ್ಲದ ರೋಮನ್ ಅಕ್ಷರಗಳು ಸಾಲುಸಾಲಾಗಿ ಬಿದ್ದಿದ್ದವು. ಅವರ ಮುಖ ಕಪ್ಪಿಟ್ಟಿತು. “ಅವ್ವನ್ನ ಎರಡನೇ ಸಲ ಕಳಕೊಂಡೆನೇನವ್ವಾ?” ಎಂದರು.

“ಇಲ್ಲಜ್ಜಾ. ಹಾಡು ಅಲ್ಲೇ ಅದ. ಓದೋ ಕಣ್ಣು ಇಲ್ಲಿಲ್ಲ ಅಷ್ಟೇ” ಎಂದು ಅವಳು ವಿಂಡೋಸಿಗೆ ಮರಳಿದಳು. ಹಾಡುಗಳೆಲ್ಲ ಇದ್ದಂತೆಯೇ ಇದ್ದವು. ಹಳೆಯ ‘ನುಡಿ’ಯು ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ರೂಪಗಳನ್ನು ಕೂಡಿಸುತ್ತಿತ್ತು; ಆ ಅಕ್ಷರಶೈಲಿಯು ಇಲ್ಲದ ಕಡೆ ಬರಿಯ ರೋಮನ್ನೇ ಕಾಣುವದು. ಯೂನಿಕೋಡಿನಲ್ಲಿಯಾದರೋ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯುಂಟು.

ತಾಯಿಯ ತವರಿನ ಬಂಡೆಯು ಆಗ ಮಾಸ್ತರರಿಗೆ ನೆನಪಾಯಿತು. ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ಶತಮಾನಗಳ ಕಾಲ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್‌ನು ಅದನ್ನು ಓದಿ ಬಿಡಿಸಿದನು. ಆದುದರಿಂದಲೇ 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನಿಗೆ ಮಸ್ಕಿಯ ಶಾಸನವು ದೊರೆತಾಗ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಬಂಡೆಯು ಎಂದೂ ಮೂಕವಾಗಿರಲಿಲ್ಲ, ಓದುವವರಿಲ್ಲದೆ ಕಾದಿತ್ತು.

ಮೊದಲ ದಿನ ಎರಡೂ ಮನೆಗಳ ಗಡಿಯಾರಗಳಲ್ಲಿ ಐದೂವರೆ ತಾಸುಗಳ ಅಂತರ ಬಿದ್ದಿತು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸು ಸ್ಥಳೀಯ ವೇಳೆಯೆಂದೂ ಲಿನಕ್ಸು ಗ್ರೀನಿಚ್ ವೇಳೆಯೆಂದೂ ತಿಳಿಯುವದೇ ಅದಕ್ಕೆ ಕಾರಣ. ಒಂದು ಆಜ್ಞೆಯಿಂದ ಅದೂ ಸರಿಹೋಯಿತು.

ಈಗ ಮಾಸ್ತರರು ದಿನಕ್ಕೊಂದರಂತೆ ಹಾಡುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ, ಆಚೆಯ ಮನೆಗೆ ಸಾಗಿಸುತ್ತಿದ್ದಾರೆ. ಮೊದಲನೆಯ ಹಾಡು ಅಲ್ಲಿಯೂ ಕನ್ನಡವಾಗಿಯೇ ತೆರೆದ ದಿನ ಅವರು ಸಿಂಧನೂರಿಗೆ ಫೋನು ಮಾಡಿದರು. ಅದನ್ನು ಓದಿ ಹೇಳಲಿಲ್ಲ, ಹಾಡಿದರು.